ವಿಭಾಗದ ಎಲ್ಲೆಯಾಚೆಯ ವ್ಯಾಸಂಗ: ಕೊಲಂಬಿಯದಲ್ಲಿ ಅಂಬೇಡ್ಕರ್, 1913–1916

ಡಾ. ಭೀಮರಾವ್ ಅಂಬೇಡ್ಕರ್ ಅವರು ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದರೆಂಬುದು ಸುವಿದಿತವಾದ ಸಂಗತಿ. ಆದರೆ ಅಲ್ಲಿ ಅವರು ಅರ್ಥಶಾಸ್ತ್ರಕ್ಕಿಂತಲೂ ಅನ್ಯ ಶಾಸ್ತ್ರಗಳ ತರಗತಿಗಳಲ್ಲಿಯೇ ಹೆಚ್ಚು ಸಂಖ್ಯೆಯಲ್ಲಿ ಕುಳಿತಿದ್ದರೆಂಬುದು ನಮ್ಮ ವಿದ್ಯಾರ್ಥಿಗಳ ಗಮನಕ್ಕೆ ಅಷ್ಟಾಗಿ ಬಂದಂತೆ ತೋರುವುದಿಲ್ಲ. ಆ ವಿಶ್ವವಿದ್ಯಾಲಯದ ರಿಜಿಸ್ಟ್ರಾರರ ಕಚೇರಿಯಲ್ಲಿರುವ ದಾಖಲೆಯ ಪ್ರಕಾರ 1913ರಿಂದ 1916ರ ವರೆಗೆ ಅವರು ತೆಗೆದುಕೊಂಡ ಪಾಠಕ್ರಮಗಳಲ್ಲಿ ಅರ್ಥಶಾಸ್ತ್ರದವು 29, ಇತಿಹಾಸದವು 11, ಸಮಾಜಶಾಸ್ತ್ರದವು 6, ತತ್ತ್ವಶಾಸ್ತ್ರದವು 5, ಮಾನವಶಾಸ್ತ್ರದವು 4, ರಾಜ್ಯಶಾಸ್ತ್ರದವು 3. ಇವಲ್ಲದೆ ಫ್ರೆಂಚ್ ಮತ್ತು ಜರ್ಮನ್ ಭಾಷೆಗಳ ಪ್ರಾರಂಭಿಕ ಪಾಠ ಒಂದೊಂದು. ಒಟ್ಟು 60ರಲ್ಲಿ 31 ಸ್ವಂತ ವಿಷಯದ ಹೊರಗಿನವು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಪರದೇಶಕ್ಕೆ ಹೋಗಿ, ತಿಂಗಳಿಗೆ 11½ ಪೌಂಡಿನ ವಿದ್ಯಾರ್ಥಿವೇತನದಲ್ಲಿ, ಮೂರೇ ವರ್ಷದ ಅವಧಿಯೊಳಗೆ ಪದವಿ ಪಡೆದು ಹಿಂದಿರುಗಬೇಕೆಂಬ ಕರಾರಿಗೆ ಒಳಪಟ್ಟಿದ್ದ ವಿದ್ಯಾರ್ಥಿಯೊಬ್ಬನು ಹೀಗೇಕೆ ಮಾಡಿದನು? ಹಾಗೆ ಮಾಡಲು ಆ ವಿದ್ಯಾಸಂಸ್ಥೆಯ ಏರ್ಪಾಡಿನಲ್ಲಿ ಅವಕಾಶವೆಲ್ಲಿಂದ ಬಂತು? ಅದರಿಂದ ವಿದ್ವತ್ತಿಗೆ ಸಂದ ಫಲವೇನು? ಈ ಮೂರು ಪ್ರಶ್ನೆಗಳನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಎರಡನೆಯ ಪ್ರಶ್ನೆಯಿಂದ ಪ್ರಾರಂಭಿಸುವುದು ಅನುಕೂಲ. ಪದವಿಯ ನಂತರದ ವಿದ್ಯಾರ್ಥಿ ತನ್ನ ವಿಭಾಗದ ಹೊರಗೆ ಹೋಗಿ ಪಾಠ ಕೇಳುವ ಪದ್ಧತಿ ಅಮೆರಿಕದಲ್ಲಿ ಹುಟ್ಟಿದುದಲ್ಲ. ಅದು ಜರ್ಮನಿಯಿಂದ ಬಂದುದು. 1810ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಜರ್ಮನ್ ವಿಶ್ವವಿದ್ಯಾಲಯಗಳಲ್ಲಿ ಎರಡು ಸ್ವಾತಂತ್ರ್ಯಗಳನ್ನು ಕುರಿತ ಮಾತು ಬೇರೂರಿತು. ಒಂದು, ಅಧ್ಯಾಪಕನಿಗೆ ತಾನು ಸತ್ಯವೆಂದು ಕಂಡುದನ್ನು ಬೋಧಿಸುವ ಸ್ವಾತಂತ್ರ್ಯ. ಇನ್ನೊಂದು, ವಿದ್ಯಾರ್ಥಿಗೆ ತನಗೆ ಬೇಕಾದ ಆಚಾರ್ಯನ ಬಳಿ ಬೇಕಾದುದನ್ನು ಕಲಿಯುವ ಸ್ವಾತಂತ್ರ್ಯ. ಎರಡನೆಯದನ್ನು ನಮ್ಮ ದೇಶದಲ್ಲಿ ಯಾರೂ ಅಷ್ಟಾಗಿ ನೆನೆಯುವುದಿಲ್ಲ. ಜರ್ಮನ್ ವಿದ್ಯಾರ್ಥಿ ತಾನು ಕೇಳಿದ ಉಪನ್ಯಾಸಗಳನ್ನು ಒಂದು ಪುಸ್ತಕದಲ್ಲಿ ನಮೂದಿಸಿ, ಒಂದೊಂದಕ್ಕೂ ಪ್ರತ್ಯೇಕ ಶುಲ್ಕ ಕೊಟ್ಟು, ಒಂದು ಊರಿನ ವಿಶ್ವವಿದ್ಯಾಲಯದಿಂದ ಇನ್ನೊಂದು ಊರಿನದಕ್ಕೆ ನಿರಾತಂಕವಾಗಿ ಹೋಗಬಹುದಾಗಿತ್ತು. ಡಾಕ್ಟರ್ ಪದವಿಯ ಮೌಖಿಕ ಪರೀಕ್ಷೆಯಲ್ಲಿ ಒಂದು ಮುಖ್ಯ ವಿಷಯದ ಜೊತೆಗೆ ಉಪವಿಷಯಗಳಲ್ಲಿಯೂ ಉತ್ತರ ಹೇಳಬೇಕಾಗಿತ್ತು. ಆದುದರಿಂದ ವಿಭಾಗದ ಹೊರಗೆ ಹೋಗುವುದು ವಿದ್ಯಾರ್ಥಿಯ ಚಾಪಲ್ಯವಲ್ಲ, ವ್ಯವಸ್ಥೆಯ ಅಂಗವೇ ಆಗಿತ್ತು. ಮುಂದೆ ಅಮೆರಿಕದ ಮಾನವಶಾಸ್ತ್ರಕ್ಕೆ ಅಸ್ತಿಭಾರ ಹಾಕಿದ ಫ್ರಾಂಜ್ ಬೋವಾಸ್ ಅವರ ಉದಾಹರಣೆಯನ್ನು ನೋಡಬಹುದು. ಅವರು 1881ರಲ್ಲಿ ಕೀಲ್ ವಿಶ್ವವಿದ್ಯಾಲಯದಿಂದ ಡಾಕ್ಟರ್ ಪದವಿ ಪಡೆದುದು ಭೌತಶಾಸ್ತ್ರದಲ್ಲಿ; ಪ್ರಬಂಧದ ವಿಷಯ ನೀರಿನ ಬಣ್ಣ! ಅದಕ್ಕೆ ಮೊದಲೇ ಹೈಡೆಲ್ಬರ್ಗ್‌ನಲ್ಲಿ ಕೂನೊ ಫಿಷರ್ ಅವರ ಸೌಂದರ್ಯಮೀಮಾಂಸೆಯ ಉಪನ್ಯಾಸಗಳನ್ನು ಕೇಳಿ ಕಾಂಟ್‌ನ ದರ್ಶನದಲ್ಲಿ ಆಸಕ್ತಿ ಬೆಳೆಸಿಕೊಂಡಿದ್ದರು. ನೀರಿನ ಬಣ್ಣವನ್ನು ಅಳೆಯ ಹೊರಟವನಿಗೆ ನೋಡುವವನ ಕಣ್ಣನ್ನು ಕುರಿತ ಸಂದೇಹ ಹುಟ್ಟಿ, ಅದು ಅವನನ್ನು ಮನುಷ್ಯಸಂಸ್ಕೃತಿಗಳ ಅಭ್ಯಾಸದ ಕಡೆಗೆ ಎಳೆದೊಯ್ದಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಸಾವಿರಾರು ಮಂದಿ ಅಮೆರಿಕನ್ ವಿದ್ಯಾರ್ಥಿಗಳು ಜರ್ಮನಿಗೆ ಹೋಗಿ ಈ ಪದ್ಧತಿಯನ್ನು ಕಣ್ಣಾರೆ ಕಂಡು ಬಂದರು. 1876ರಲ್ಲಿ ಬಾಲ್ಟಿಮೋರಿನಲ್ಲಿ ಸ್ಥಾಪಿತವಾದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಅದನ್ನು ಬಹುಮಟ್ಟಿಗೆ ಅಳವಡಿಸಿಕೊಂಡಿತು. ಕೊಲಂಬಿಯಕ್ಕೆ ಅದನ್ನು ತಂದವರಲ್ಲಿ ಪ್ರಮುಖರು ಜಾನ್ ಡಬ್ಲ್ಯು. ಬರ್ಜೆಸ್. ಗಟ್ಟಿಂಗೆನ್, ಲೈಪ್ಜಿಗ್, ಬರ್ಲಿನ್‌ಗಳಲ್ಲಿ ವ್ಯಾಸಂಗ ಮಾಡಿ ಬಂದಿದ್ದ ಅವರ ಪ್ರಯತ್ನದಿಂದ 1880ರಲ್ಲಿ ಅಲ್ಲಿ ರಾಜ್ಯಶಾಸ್ತ್ರ ನಿಕಾಯ ಪ್ರಾರಂಭವಾಯಿತು. ಹೆಸರು ರಾಜ್ಯಶಾಸ್ತ್ರವೆಂದಿದ್ದರೂ ಇತಿಹಾಸ, ಅರ್ಥಶಾಸ್ತ್ರ, ಸಾರ್ವಜನಿಕ ನ್ಯಾಯ, ಮುಂದೆ ಸಮಾಜಶಾಸ್ತ್ರ, ಇವೆಲ್ಲವೂ ಅದೇ ನಿಕಾಯದೊಳಗೆ ಸೇರಿದ್ದವು. 1890ರಲ್ಲಿ ತತ್ತ್ವಶಾಸ್ತ್ರ ನಿಕಾಯವೂ 1892ರಲ್ಲಿ ಶುದ್ಧ ವಿಜ್ಞಾನ ನಿಕಾಯವೂ ಬೇರೆಯಾಗಿ ಏರ್ಪಟ್ಟವು. ಅಂಬೇಡ್ಕರ್ ಅವರ ಮುಖ್ಯ ಗುರುಗಳಾದ ಎಡ್ವಿನ್ ಸೆಲಿಗ್ಮನ್ ಅವರೂ ಬರ್ಲಿನ್, ಹೈಡೆಲ್ಬರ್ಗ್‌ಗಳಲ್ಲಿ ಓದಿ ಬಂದವರೇ. 1902ರಲ್ಲಿ ಅವರು ಪ್ರಕಟಿಸಿದ ಗ್ರಂಥ ಇತಿಹಾಸದ ಆರ್ಥಿಕ ವ್ಯಾಖ್ಯಾನವನ್ನು ಕುರಿತದ್ದೆಂಬುದನ್ನು ನೆನೆದರೆ, ಆ ಗುರುವಿನ ಶಿಷ್ಯನಿಗೆ ಇತಿಹಾಸ ವಿಭಾಗದ ಬಾಗಿಲು ಎಷ್ಟು ಹತ್ತಿರವಾಗಿತ್ತೆಂಬುದು ಗೊತ್ತಾಗುತ್ತದೆ.

ಈ ಏರ್ಪಾಡನ್ನು ಮನಸ್ಸಿನಲ್ಲಿಟ್ಟುಕೊಂಡು ಆ 31 ಪಾಠಕ್ರಮಗಳನ್ನು ಮತ್ತೆ ನೋಡಿದರೆ ಅವು ಎರಡು ಬಗೆಯವಾಗಿ ಒಡೆಯುತ್ತವೆ. ಇತಿಹಾಸ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರಗಳ 20 ಪಾಠಕ್ರಮಗಳು ವಿಭಾಗದ ಹೊರಗಿನವಾದರೂ ನಿಕಾಯದ ಒಳಗಿನವು. ಪಕ್ಕದ ಮನೆಗೆ ಹೋದಂತೆ. ಜೇಮ್ಸ್ ಹಾರ್ವೆ ರಾಬಿನ್ಸನ್, ಫ್ರಾಂಕ್ಲಿನ್ ಗಿಡಿಂಗ್ಸ್ ಮೊದಲಾದವರ ಪಾಠಗಳು ಈ ಗುಂಪಿಗೆ ಸೇರಿದವು. ತತ್ತ್ವಶಾಸ್ತ್ರ, ಮಾನವಶಾಸ್ತ್ರ, ಭಾಷೆಗಳ ಉಳಿದ 11 ಪಾಠಕ್ರಮಗಳು ಹಾಗಲ್ಲ. ಅವುಗಳಿಗಾಗಿ ವಿದ್ಯಾರ್ಥಿ ಬೀದಿಯನ್ನೇ ದಾಟಬೇಕಾಗಿತ್ತು. ಸಂಖ್ಯೆಯಲ್ಲಿ ಕಡಿಮೆಯಾದ ಈ ಎರಡನೆಯ ಗುಂಪೇ ಫಲದಲ್ಲಿ ಹಿರಿದಾಯಿತೆಂದು ನನ್ನ ಅಭಿಪ್ರಾಯ. ಅದಕ್ಕೆ ಆಧಾರವನ್ನು ಮುಂದೆ ಕೊಡುತ್ತೇನೆ.

ಅದಕ್ಕೆ ಮೊದಲು ಒಂದು ಮಾತು. ವಿಷಯಗಳನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವೆಂಬುದು ಇತರ ವಿದ್ಯಾರ್ಥಿಗಳಿಗೆ ಒಂದು ಅನುಕೂಲ ಮಾತ್ರವಾಗಿದ್ದಿರಬಹುದು. ಅಂಬೇಡ್ಕರ್ ಅವರ ಪಾಲಿಗೆ ಅದು ಬೇರೆಯೇ ಆಗಿತ್ತು. ಪ್ರೌಢಶಾಲೆಯಲ್ಲಿ ಅವರಿಗೆ ಸಂಸ್ಕೃತವನ್ನು ಓದುವ ಆಸೆಯಿತ್ತು. ಅಸ್ಪೃಶ್ಯನಾದ ಹುಡುಗನಿಗೆ ಸಂಸ್ಕೃತ ಕಲಿಸಲು ಅಧ್ಯಾಪಕರು ಒಪ್ಪಲಿಲ್ಲ. ವಿಧಿಯಿಲ್ಲದೆ ಪಾರಸಿಯನ್ನು ತೆಗೆದುಕೊಳ್ಳಬೇಕಾಯಿತು. ಸಂಸ್ಕೃತವನ್ನು ಅವರು ಆಮೇಲೆ ಸ್ವಂತ ಪ್ರಯತ್ನದಿಂದ ಅಭ್ಯಾಸ ಮಾಡಿದರು. ಬೊಂಬಾಯಿ ವಿಶ್ವವಿದ್ಯಾಲಯವಾದರೋ 1857ರಲ್ಲಿ ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ, ಮುಖ್ಯವಾಗಿ ಪರೀಕ್ಷೆ ನಡೆಸುವ ಸಂಸ್ಥೆಯಾಗಿ ಹುಟ್ಟಿದ್ದು; ಅಲ್ಲಿ ನಿಯಮಿತ ವಿಷಯಗಳ ನಿಯಮಿತ ಪಠ್ಯಗಳನ್ನು ಓದಿ 1912ರಲ್ಲಿ ಅವರು ಬಿ.ಎ. ಪದವೀಧರರಾದರು. ಬಡೋದೆಯ ಸಯ್ಯಾಜಿರಾವ್ ಗಾಯಕವಾಡರ ನೆರವಿನಿಂದ 1913ರ ಜುಲೈನಲ್ಲಿ ನ್ಯೂಯಾರ್ಕಿಗೆ ಬಂದಿಳಿದಾಗ, ಯಾವ ತರಗತಿಯ ಬಾಗಿಲಲ್ಲಿಯೂ ಜಾತಿಯನ್ನು ಕೇಳದ ವಿದ್ಯಾಸಂಸ್ಥೆಯೊಂದನ್ನು ಅವರು ಕಂಡರು. ಅರವತ್ತು ಪಾಠಕ್ರಮಗಳ ಆ ಪಟ್ಟಿಯನ್ನು ಬರಿಯ ಜ್ಞಾನದಾಹವೆಂದು ಹೊಗಳಿ ಮುಗಿಸಿಬಿಡುವ ಜೀವನಚರಿತ್ರಕಾರರು ಈ ಹಿನ್ನೆಲೆಯನ್ನು ಮರೆಯುತ್ತಾರೆ.

ಈಗ ಫಲದ ವಿಚಾರ. ಮುಖ್ಯ ವಿಷಯವಾದ ಅರ್ಥಶಾಸ್ತ್ರದಲ್ಲಿ ಅವರು ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಮತ್ತು ಹಣಕಾಸನ್ನು ಕುರಿತು ಎಂ.ಎ. ಪದವಿಗಾಗಿ ಬರೆದ ಪ್ರಬಂಧ 1915ರ ಮೇ 15ರ ದಿನಾಂಕವನ್ನು ಹೊತ್ತಿದೆ. ಅಂಕಿಅಂಶಗಳಿಂದ ತುಂಬಿದ, ಶಿಸ್ತಿನ ವಿದ್ಯಾರ್ಥಿಪ್ರಬಂಧ ಅದು. ಅದರ ಮುಂದಿನ ವರ್ಷ, 1916ರ ಮೇ 9ರಂದು, ಅವರು ಮಾನವಶಾಸ್ತ್ರ ವಿಭಾಗದಲ್ಲಿ ಅಲೆಕ್ಸಾಂಡರ್ ಗೋಲ್ಡನ್‌ವೈಸರ್ ಅವರು ನಡೆಸುತ್ತಿದ್ದ ವಿಚಾರಗೋಷ್ಠಿಯಲ್ಲಿ ಇನ್ನೊಂದು ಪ್ರಬಂಧವನ್ನು ಓದಿದರು. ಭಾರತದ ಜಾತಿಗಳ ರಚನಾತಂತ್ರ, ಉತ್ಪತ್ತಿ ಮತ್ತು ಬೆಳವಣಿಗೆಗಳನ್ನು ವಿವೇಚಿಸುವ ಈ ಪ್ರಬಂಧ ಯಾವ ಪದವಿಗೂ ಬೇಕಾದುದಲ್ಲ. ಹೊರ ವಿಭಾಗದ ತರಗತಿಯೊಂದರ ಅಭ್ಯಾಸದ ಬರಹ. 1917ರ ಮೇ ತಿಂಗಳ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಈ ಪತ್ರಿಕೆ ಕನ್ನಡ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. 1872ರಲ್ಲಿ ಜೇಮ್ಸ್ ಬರ್ಜೆಸ್ ಅವರು ಪ್ರಾರಂಭಿಸಿದ (ಕೊಲಂಬಿಯದ ಬರ್ಜೆಸ್ ಬೇರೆ, ಇವರು ಬೇರೆ) ಇದರ ಪುಟಗಳಲ್ಲಿಯೇ ಜೆ. ಎಫ್. ಫ್ಲೀಟ್ ಅವರು ನಮ್ಮ ನಾಡಿನ ಸಂಸ್ಕೃತ ಹಾಗೂ ಹಳಗನ್ನಡ ಶಾಸನಗಳ ಮಾಲೆಯನ್ನು ಪ್ರಕಟಿಸಿದ್ದರು.

ಆ ಪ್ರಬಂಧದ ವಾದಸರಣಿಯನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಅವಶ್ಯ. ಭಾರತದ ಜನ ನಾನಾ ಕುಲಗಳ ಮಿಶ್ರಣವಾಗಿದ್ದರೂ ಅವರಲ್ಲಿ ಆಳವಾದ ಸಾಂಸ್ಕೃತಿಕ ಏಕತೆಯಿದೆ. ಹೀಗಿರುವಾಗ ಆ ಏಕತೆಯನ್ನು ತುಂಡುತುಂಡಾಗಿ ಕತ್ತರಿಸಿದ ಜಾತಿ ಹೇಗೆ ಹುಟ್ಟಿತು ಎಂಬುದು ಅವರ ಮೂಲಪ್ರಶ್ನೆ. ಸೆನಾರ್, ನೆಸ್ಫೀಲ್ಡ್, ರಿಸ್ಲಿ, ಕೇತಕರ್ ಈ ನಾಲ್ವರು ಕೊಟ್ಟ ಲಕ್ಷಣಗಳನ್ನು ಅವರು ಒಂದೊಂದಾಗಿ ಪರೀಕ್ಷಿಸುತ್ತಾರೆ. ಕಾರ್ನೆಲ್‌ನಲ್ಲಿ ಓದಿದ ಕೇತಕರರು ಜಾತಿಗೆ ಎರಡು ಲಕ್ಷಣ ಹೇಳಿದ್ದರು: ಹುಟ್ಟಿನಿಂದ ಮಾತ್ರವೇ ಬರುವ ಸದಸ್ಯತ್ವ, ಹೊರಗಿನವರೊಡನೆ ವಿವಾಹನಿಷೇಧ. ಇವು ಎರಡಲ್ಲ, ಒಂದೇ ನಾಣ್ಯದ ಎರಡು ಮುಖಗಳೆಂದು ಅಂಬೇಡ್ಕರ್ ತೋರಿಸುತ್ತಾರೆ. ಗೋತ್ರ, ಸಪಿಂಡ ನಿಯಮಗಳಿಂದ ಹೊರವಿವಾಹವೇ ಮೂಲಧರ್ಮವಾಗಿದ್ದ ಸಮಾಜದ ಮೇಲೆ ಒಳವಿವಾಹವನ್ನು ಹೇರಿದಾಗ ಜಾತಿ ಹುಟ್ಟುತ್ತದೆ. ಆದರೆ ಒಳವಿವಾಹವನ್ನು ಕಾಪಾಡಬೇಕಾದರೆ ಗುಂಪಿನೊಳಗೆ ಗಂಡಸರ ಮತ್ತು ಹೆಂಗಸರ ಸಂಖ್ಯೆ ಸರಿಸಮವಾಗಿರಬೇಕು. ಗಂಡ ಸತ್ತರೆ ಒಬ್ಬ ಹೆಂಗಸು ‘ಹೆಚ್ಚುವರಿ’ಯಾಗುತ್ತಾಳೆ; ಹೆಂಡತಿ ಸತ್ತರೆ ಒಬ್ಬ ಗಂಡಸು. ಈ ಹೆಚ್ಚುವರಿಯನ್ನು ನಿವಾರಿಸುವ ಉಪಾಯಗಳಾಗಿಯೇ ಸಹಗಮನ, ಬಲಾತ್ಕಾರದ ವೈಧವ್ಯ, ಬಾಲ್ಯವಿವಾಹಗಳು ಬಂದುವು. ಅವನ್ನು ವೈಭವೀಕರಿಸುವ ತತ್ತ್ವಗಳು ಆಮೇಲೆ ಹುಟ್ಟಿದವು. ಮೊದಲು ತನ್ನ ಬಾಗಿಲನ್ನು ಹಾಕಿಕೊಂಡ ವರ್ಗ ಬ್ರಾಹ್ಮಣರದು. ಉಳಿದವರು ಕೆಲವರು ಅದನ್ನು ಅನುಕರಿಸಿ ತಾವೂ ಬಾಗಿಲು ಹಾಕಿಕೊಂಡರು. ಕೆಲವರ ಮುಖದ ಮೇಲೆ ಬಾಗಿಲು ಹಾಕಲ್ಪಟ್ಟಿತು. ಮನುವಾಗಲಿ ಬೇರೆ ಯಾವ ಶಾಸ್ತ್ರಕಾರನಾಗಲಿ ಜಾತಿಯನ್ನು ಸೃಷ್ಟಿಸಿ ಜನರ ಮೇಲೆ ಹೇರಿದನೆಂಬುದನ್ನು ಅವರು ಒಪ್ಪುವುದಿಲ್ಲ.

ಇಪ್ಪತ್ತೈದು ವರ್ಷದ ವಿದ್ಯಾರ್ಥಿಯ ಈ ವಾದದಲ್ಲಿ ಯಾವ ಯಾವ ತರಗತಿಗಳ ಗುರುತಿದೆಯೆಂದು ಬಿಡಿಸಿ ನೋಡಬಹುದು. ಒಳವಿವಾಹ, ಹೊರವಿವಾಹಗಳ ಪರಿಭಾಷೆ ಮಾನವಶಾಸ್ತ್ರದ್ದು. ಅನುಕರಣದ ನಿಯಮವನ್ನು ಅವರು ಪಡೆದುದು ಫ್ರೆಂಚ್ ಲೇಖಕ ಗಾಬ್ರಿಯೆಲ್ ತಾರ್ದ್ ಅವರಿಂದ. ಮೇಲಿನವರಿಂದ ಕೆಳಗಿನವರಿಗೆ ಅನುಕರಣ ಹರಿಯುತ್ತದೆ, ಹತ್ತಿರವಿದ್ದಷ್ಟೂ ಅದು ತೀವ್ರವಾಗುತ್ತದೆ ಎಂಬ ತಾರ್ದ್ ಅವರ ಮಾತಿನಿಂದ, ಬ್ರಾಹ್ಮಣರಿಗೆ ಸಮೀಪವಾದ ಜಾತಿಗಳಲ್ಲಿ ಮೇಲೆ ಹೇಳಿದ ಮೂರು ಆಚಾರಗಳೂ ದೂರದ ಜಾತಿಗಳಲ್ಲಿ ಕೆಲವು ಮಾತ್ರವೂ ಏಕಿವೆಯೆಂಬುದನ್ನು ಅವರು ವಿವರಿಸುತ್ತಾರೆ. ತಾರ್ದ್ ಅವರ ಗ್ರಂಥದ ಇಂಗ್ಲಿಷ್ ಅನುವಾದ 1903ರಲ್ಲಿ ಹೊರಬಂದಾಗ ಅದಕ್ಕೆ ಪೀಠಿಕೆ ಬರೆದವರು ಕೊಲಂಬಿಯದ ಸಮಾಜಶಾಸ್ತ್ರ ಪ್ರಾಧ್ಯಾಪಕರಾದ ಗಿಡಿಂಗ್ಸ್ ಅವರೇ ಎಂಬುದು ಇಲ್ಲಿ ಲಕ್ಷ್ಯಕ್ಕೆ ಅರ್ಹವಾದ ಸಂಗತಿ. ಇನ್ನು ‘ಹೆಚ್ಚುವರಿ ಗಂಡಸು’, ‘ಹೆಚ್ಚುವರಿ ಹೆಂಗಸು’ ಎಂಬ ಮಾತು? ಸಹಗಮನದಂತಹ ದಾರುಣವಾದ ಆಚಾರವನ್ನು ಸಂಖ್ಯಾಸಮತೋಲನದ ಪ್ರಶ್ನೆಯಾಗಿ ಕಾಣುವ ಈ ದೃಷ್ಟಿ ಅರ್ಥಶಾಸ್ತ್ರಜ್ಞನದಲ್ಲದೆ ಬೇರೆಯವರದಾಗಲು ಸಾಧ್ಯವೇ? ಮಾನವಶಾಸ್ತ್ರವನ್ನಷ್ಟೇ ಓದಿದವನು ಈ ಆಚಾರಗಳನ್ನು ಸಂಗ್ರಹಿಸಿ ವರ್ಣಿಸುತ್ತಿದ್ದನು. ಅರ್ಥಶಾಸ್ತ್ರವನ್ನಷ್ಟೇ ಓದಿದವನು ಅವುಗಳ ಗೊಡವೆಗೇ ಹೋಗುತ್ತಿರಲಿಲ್ಲ.

ಆದರೆ ಶಿಷ್ಯನು ಗುರುವಿನ ಮಾತನ್ನು ಹಾಗೆಯೇ ಒಪ್ಪಿಸಿದನೆಂದು ಭಾವಿಸಬಾರದು. ಗೋಲ್ಡನ್‌ವೈಸರ್ ಅವರಿಗೆ ಹೆಸರು ತಂದ 1910ರ ಅಧ್ಯಯನ ಕುಲಲಾಂಛನ ಪದ್ಧತಿಯನ್ನು ಕುರಿತದ್ದು. ಒಂದೇ ಹೆಸರಿನಿಂದ ಕರೆಯಲ್ಪಡುವ ಆ ಪದ್ಧತಿ ವಾಸ್ತವವಾಗಿ ಒಂದು ವಸ್ತುವಲ್ಲ, ಬೇರೆ ಬೇರೆ ಮೂಲಗಳ ಅನೇಕ ಅಂಶಗಳ ಕೂಟ ಎಂಬುದು ಅವರ ಸಿದ್ಧಾಂತ. ಅಂಬೇಡ್ಕರ್ ಅವರದು ಇದಕ್ಕೆ ವಿರುದ್ಧ ದಿಕ್ಕಿನ ನಡೆ. ಊಟದ ಕಟ್ಟಳೆ, ಮೈಲಿಗೆ, ಕಸುಬು ಮೊದಲಾದ ಹಲವು ಅಂಶಗಳನ್ನು ಬದಿಗೆ ಸರಿಸಿ, ಒಳವಿವಾಹವೆಂಬ ಒಂದನ್ನೇ ಜಾತಿಯ ಜೀವಾಳವೆಂದು ಅವರು ಹಿಡಿದರು. ಅನ್ಯ ವಿಭಾಗದಿಂದ ಬಂದ ವಿದ್ಯಾರ್ಥಿಗೆ ಇದೊಂದು ಅನುಕೂಲ: ಆ ವಿಭಾಗದ ಸಾಮಗ್ರಿಯನ್ನು ತೆಗೆದುಕೊಳ್ಳುವನು, ಅದರ ಸಂಪ್ರದಾಯಕ್ಕೆ ಕಟ್ಟುಬೀಳುವುದಿಲ್ಲ. ಇದರಲ್ಲಿ ಅಪಾಯವೂ ಉಂಟು. ಒಂದೇ ಕೀಲಿಯಿಂದ ಎಲ್ಲ ಬೀಗವನ್ನೂ ತೆರೆಯುವ ಉತ್ಸಾಹ ಆ ಪ್ರಬಂಧದಲ್ಲಿ ಅಲ್ಲಲ್ಲಿ ಕಾಣುತ್ತದೆ. ಅಸ್ಪೃಶ್ಯತೆಯ ಪ್ರಶ್ನೆಯನ್ನು ಅದು ಬಿಡಿಸುವುದಿಲ್ಲ. ಆ ಪ್ರಶ್ನೆಗೆ ಅವರು ಪ್ರತ್ಯೇಕ ಗ್ರಂಥವನ್ನೇ ಬರೆದುದು 1948ರಲ್ಲಿ. ಅದರಲ್ಲಿ ಮೂಗಿನ ಅಳತೆಯ ಅಂಕಿಗಳನ್ನು ಮುಂದಿಟ್ಟು ಅಸ್ಪೃಶ್ಯರು ಬೇರೆ ಜನಾಂಗದವರೆಂಬ ವಾದವನ್ನು ಅವರು ಖಂಡಿಸುವಾಗ, ಕುಲಭೇದದ ವಾದಗಳನ್ನು ಅಳತೆಯಿಂದಲೇ ಅಲುಗಾಡಿಸಿದ ಬೋವಾಸ್ ಅವರ ವಿಭಾಗದ ನೆನಪು ಓದುಗನಿಗೆ ಬಾರದಿರದು.

ಪ್ರಸಂಗವಶಾತ್ ಇನ್ನೊಂದು ಮಾತು. ಮೈಸೂರಿನವರಾದ ಎಂ. ಎನ್. ಶ್ರೀನಿವಾಸ್ ಅವರು ಕೊಡಗರ ಧರ್ಮ ಮತ್ತು ಸಮಾಜವನ್ನು ಕುರಿತ 1952ರ ತಮ್ಮ ಗ್ರಂಥದಲ್ಲಿ ‘ಸಂಸ್ಕೃತೀಕರಣ’ವೆಂಬ ಪರಿಕಲ್ಪನೆಯನ್ನು ಪ್ರತಿಪಾದಿಸಿದರು. ಮೇಲಿನ ಜಾತಿಯ ಆಚಾರವನ್ನು ಕೆಳಗಿನ ಜಾತಿ ಅನುಕರಿಸುವ ವಿಚಾರದಲ್ಲಿ ಇದಕ್ಕೂ 1916ರ ಪ್ರಬಂಧಕ್ಕೂ ಹೋಲಿಕೆ ಇರುವುದನ್ನು ಹಲವರು ಗುರುತಿಸಿದ್ದಾರೆ. ಹೋಲಿಕೆಯಿಂದ ಋಣ ಸಿದ್ಧವಾಗುವುದಿಲ್ಲ. ಆದರೆ ಶ್ರೀನಿವಾಸ್ ಅವರೂ ಮಹಾರಾಜ ಕಾಲೇಜಿನಲ್ಲಿ ಓದಿದುದು ‘ಸಾಮಾಜಿಕ ತತ್ತ್ವಶಾಸ್ತ್ರ’ವೆಂಬ, ಹಲವು ಶಾಸ್ತ್ರಗಳನ್ನು ಒಟ್ಟಿಗೆ ಕಟ್ಟಿದ ಆನರ್ಸ್ ವ್ಯಾಸಂಗವನ್ನು ಎಂಬುದನ್ನು ಸೇರಿಸಿ ಹೇಳಬೇಕು. ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾದುದು ಅಂಬೇಡ್ಕರ್ ಅವರು ಆ ಪ್ರಬಂಧ ಓದಿದ ವರ್ಷದಲ್ಲಿಯೇ, 1916ರ ಜುಲೈನಲ್ಲಿ.

ತತ್ತ್ವಶಾಸ್ತ್ರದ ಐದು ಪಾಠಕ್ರಮಗಳ ವಿಚಾರಕ್ಕೆ ಬಂದರೆ ಜಾನ್ ಡ್ಯೂಯಿ ಅವರ ಹೆಸರು ತಾನಾಗಿಯೇ ಬರುತ್ತದೆ. ಇಲ್ಲಿ ಚರಿತ್ರಕಾರನು ಸ್ವಲ್ಪ ಎಚ್ಚರದಿಂದ ಇರಬೇಕು. ಒಬ್ಬನು ಒಬ್ಬರ ತರಗತಿಯಲ್ಲಿ ಕುಳಿತಿದ್ದನೆಂಬುದು ಹಾಜರಿಯ ಸಾಕ್ಷ್ಯವೇ ಹೊರತು ಪ್ರಭಾವದ ಸಾಕ್ಷ್ಯವಲ್ಲ. ಅಂಬೇಡ್ಕರ್ ಅವರು ಹನ್ನೊಂದು ಇತಿಹಾಸ ಪಾಠಗಳನ್ನು ಕೇಳಿದರೂ ಆ ಗುರುಗಳ ಹೆಸರನ್ನು ಯಾರೂ ಈ ಪರಿ ಎತ್ತುವುದಿಲ್ಲವಷ್ಟೆ. ಡ್ಯೂಯಿ ಅವರ ವಿಷಯದಲ್ಲಿ ಸಾಕ್ಷ್ಯ ಬೇರೆ ಕಡೆಯಿಂದ ಒದಗುತ್ತದೆ. 1919ರಲ್ಲಿ ಮತಾಧಿಕಾರವನ್ನು ವಿಚಾರಿಸಲು ಬಂದ ಸೌತ್‌ಬರೋ ಸಮಿತಿಯ ಮುಂದೆ ಕೊಟ್ಟ ಹೇಳಿಕೆಯಲ್ಲಿ ಅಂಬೇಡ್ಕರ್ ಅವರು ‘ಸಾಮಾಜಿಕ ಅಭಿಸರಣೆ’ ಎಂಬ ಮಾತನ್ನು ಬಳಸುತ್ತಾರೆ. ಜೀವಕೋಶದ ಪೊರೆಯ ಮೂಲಕ ದ್ರವಗಳು ಒಳಹೊರಗೆ ಹರಿಯುವಂತೆ, ಗುಂಪುಗಳ ನಡುವೆ ಅನುಭವಗಳ ಹರಿದಾಟವಿರಬೇಕೆಂಬುದು ಅದರ ತಾತ್ಪರ್ಯ. ಅದು ಡ್ಯೂಯಿ ಅವರು ಪ್ರಜಾಪ್ರಭುತ್ವ ಮತ್ತು ಶಿಕ್ಷಣವನ್ನು ಕುರಿತು 1916ರಲ್ಲಿ ಪ್ರಕಟಿಸಿದ ಗ್ರಂಥದ ಮಾತು. ತರಗತಿಯ ಋಣವನ್ನೂ ಗ್ರಂಥದ ಋಣವನ್ನೂ ಬೇರ್ಪಡಿಸಿ ನೋಡಬೇಕಾದುದು ಈ ಕಾರಣದಿಂದ: ಅಂಬೇಡ್ಕರ್ ಅವರು ಕೊಲಂಬಿಯವನ್ನು ಬಿಟ್ಟ ವರ್ಷವೇ ಗ್ರಂಥ ಹೊರಬಂತು. ತರಗತಿ ಆಸಕ್ತಿಯನ್ನು ಹುಟ್ಟಿಸಿತು, ಗ್ರಂಥ ಅದನ್ನು ಪೋಷಿಸಿತು ಎನ್ನುವುದೇ ಸರಿಯಾದೀತು. 1936ರಲ್ಲಿ ಅಚ್ಚಾದ ಜಾತಿವಿನಾಶದ ಭಾಷಣದಲ್ಲಿ ಡ್ಯೂಯಿ ಅವರನ್ನು ತಮ್ಮ ಗುರುವೆಂದು ಅವರು ಸ್ಪಷ್ಟವಾಗಿ ಸ್ಮರಿಸಿದ್ದಾರೆ. ಲಾಹೋರಿನ ಸಂಘಟಕರು ಸಭೆಯನ್ನೇ ರದ್ದುಪಡಿಸಿದ್ದರಿಂದ ಆ ಭಾಷಣ ವೇದಿಕೆಯ ಮೇಲೆ ನಡೆಯಲೇ ಇಲ್ಲವೆಂಬುದು ಬೇರೆ ಮಾತು.

ಭಾಷೆಗಳ ವಿಷಯ ಹೆಚ್ಚು ಹೇಳಬೇಕಾದುದಿಲ್ಲ. ಜರ್ಮನ್ ಮಾತ್ರ ಮುಂದೆ ಉಪಯೋಗಕ್ಕೆ ಬಂದಿರಬೇಕು. 1920ರ ದಶಕದ ಆರಂಭದಲ್ಲಿ ಅವರು ಬಾನ್ ವಿಶ್ವವಿದ್ಯಾಲಯಕ್ಕೂ ಹೋಗಿದ್ದುಂಟು.

ಇಷ್ಟು ಹರಡಿಕೊಂಡ ವ್ಯಾಸಂಗಕ್ಕೆ ಬೆಲೆ ತೆರಬೇಕಾಗಲಿಲ್ಲವೇ ಎಂದು ಕೇಳುವುದು ನ್ಯಾಯವಾಗಿದೆ. ಕೊಲಂಬಿಯದ ಡಾಕ್ಟರ್ ಪದವಿ ಅವರ ಕೈಸೇರಿದುದು 1927ರಲ್ಲಿ, ಅಂದರೆ ನ್ಯೂಯಾರ್ಕನ್ನು ಬಿಟ್ಟ ಹನ್ನೊಂದು ವರ್ಷಗಳ ಮೇಲೆ. ಹೊರಗಿನ ತರಗತಿಗಳಲ್ಲಿ ಕಾಲ ಕಳೆದುದೇ ಇದಕ್ಕೆ ಕಾರಣವೆಂದು ಊಹಿಸುವುದು ಸುಲಭ. ಆದರೆ ಸಂಗತಿಗಳು ಹಾಗೆ ಹೇಳುವುದಿಲ್ಲ. ಪ್ರಬಂಧವನ್ನು ಅಚ್ಚುಮಾಡಿಸಿ ಪ್ರತಿಗಳನ್ನು ಒಪ್ಪಿಸಿದ ಮೇಲೆಯೇ ಪದವಿ ಕೊಡುವುದು ಆಗಿನ ಕೊಲಂಬಿಯದ ನಿಯಮ. 1916ರಲ್ಲಿ ಲಂಡನ್ನಿಗೆ ಹೋಗಿ ಅರ್ಥಶಾಸ್ತ್ರ ಶಾಲೆಗೂ ಗ್ರೇಸ್ ಇನ್ನಿಗೂ ಸೇರಿದ ಅವರು ವಿದ್ಯಾರ್ಥಿವೇತನ ಮುಗಿದುದರಿಂದ 1917ರಲ್ಲಿ ಭಾರತಕ್ಕೆ ಹಿಂದಿರುಗಬೇಕಾಯಿತು. ಅವರ ಪುಸ್ತಕಗಳನ್ನು ಹೊತ್ತಿದ್ದ ಹಡಗು ಯುದ್ಧಕಾಲದ ಜಲಾಂತರ್ಗಾಮಿಯ ಹೊಡೆತಕ್ಕೆ ಸಿಕ್ಕಿ ಮುಳುಗಿತು. 1920ರಲ್ಲಿ ಮತ್ತೆ ಲಂಡನ್ನಿಗೆ ಹೋಗಿ 1921ರಲ್ಲಿ ಎಂ.ಎಸ್‌ಸಿ., 1923ರಲ್ಲಿ ರೂಪಾಯಿಯ ಸಮಸ್ಯೆಯನ್ನು ಕುರಿತ ಪ್ರಬಂಧಕ್ಕೆ ಡಿ.ಎಸ್‌ಸಿ. ಪಡೆದರು. ಬ್ರಿಟಿಷ್ ಭಾರತದ ಪ್ರಾಂತೀಯ ಹಣಕಾಸಿನ ವಿಕಾಸವನ್ನು ಕುರಿತ ಕೊಲಂಬಿಯದ ಪ್ರಬಂಧ ಸೆಲಿಗ್ಮನ್ ಅವರ ಮುನ್ನುಡಿಯೊಡನೆ ಅಚ್ಚಾದುದು 1925ರಲ್ಲಿ. ವಿಳಂಬಕ್ಕೆ ಕಾರಣ ಹಣ, ಯುದ್ಧ, ನೌಕರಿಯ ಕರಾರು. ಮಾನವಶಾಸ್ತ್ರದ ನಾಲ್ಕು ಪಾಠಗಳಲ್ಲ. ಮುಖ್ಯ ವಿಷಯದಲ್ಲಿಯೂ ಅವರು 29 ಪಾಠಕ್ರಮಗಳನ್ನು ಮುಗಿಸಿದ್ದರೆಂಬುದನ್ನು, ಅಗಲವಾದ ಓದು ಎಂದರೆ ತೆಳುವಾದ ಓದು ಎಂದು ತಿಳಿದಿರುವವರು ಗಮನಿಸಬೇಕು.

ನಮ್ಮಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ 2015ರಲ್ಲಿ ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿಯ ಮಾರ್ಗಸೂಚಿಗಳನ್ನು ಹೊರಡಿಸಿತು. ಅದರಿಂದ ಅನ್ಯ ವಿಭಾಗದ ಪತ್ರಿಕೆಯೊಂದನ್ನು ಆರಿಸಿಕೊಳ್ಳುವ ಅವಕಾಶ ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳಿಗೂ ಒದಗಿದೆ. ಆ ಆಯ್ಕೆ ವೇಳಾಪಟ್ಟಿಯ ಅನುಕೂಲವನ್ನೂ ಅಂಕಗಳ ಔದಾರ್ಯವನ್ನೂ ನೋಡಿ ನಡೆಯುವುದುಂಟೆಂಬುದನ್ನು ಅಧ್ಯಾಪಕರೆಲ್ಲ ಬಲ್ಲರು. 1916ರ ಆ ವಿಚಾರಗೋಷ್ಠಿಯಲ್ಲಿ ನಡೆದುದು ಬೇರೆ: ವಿದ್ಯಾರ್ಥಿ ತನ್ನ ಬಾಳಿನ ಪ್ರಶ್ನೆಯನ್ನು ಮೊದಲೇ ಕಟ್ಟಿಕೊಂಡು ಬಂದಿದ್ದನು, ಅದಕ್ಕೆ ಬೇಕಾದ ಸಲಕರಣೆಯನ್ನು ಯಾವ ವಿಭಾಗದಲ್ಲಿ ಸಿಕ್ಕಿದರೂ ಎತ್ತಿಕೊಂಡನು.

ಕೊಲಂಬಿಯ ಅವರನ್ನು ಮತ್ತೆ ಬರಮಾಡಿಕೊಂಡುದು 1952ರ ಜೂನ್‌ನಲ್ಲಿ. ಡ್ಯೂಯಿ ಅವರನ್ನು ಕಾಣಬೇಕೆಂಬ ಆಸೆಯನ್ನು ಹೊತ್ತು ಹೊರಟ ಅವರಿಗೆ ದಾರಿಯಲ್ಲಿ ರೋಮಿನಲ್ಲಿ ಇದ್ದಾಗಲೇ ಆ ಗುರು ಜೂನ್ 1ರಂದು ತೀರಿಕೊಂಡ ಸುದ್ದಿ ತಿಳಿಯಿತು. ತಮ್ಮ ಬೌದ್ಧಿಕ ಜೀವನವೆಲ್ಲ ಆ ಗುರುವಿನ ಋಣವೆಂದು ಅವರು ಪತ್ನಿಗೆ ಬರೆದ ಕಾಗದದಲ್ಲಿ ಹೇಳಿಕೊಂಡಿದ್ದಾರೆ. ಜೂನ್ 5ರಂದು ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟನ್ನು ನೀಡಿತು. ಅದು ಅರ್ಥಶಾಸ್ತ್ರದಲ್ಲಲ್ಲ, ಅರವತ್ತು ಪಾಠಕ್ರಮಗಳ ಆ ಪಟ್ಟಿಯಲ್ಲಿ ಪ್ರತ್ಯೇಕ ವಿಷಯವಾಗಿ ಎಲ್ಲಿಯೂ ಕಾಣದ ನ್ಯಾಯಶಾಸ್ತ್ರದಲ್ಲಿ.